ಮಿದುಳಿನ ಬಗ್ಗೆ ಬರೆಯಹೊರಟವರಿಗೆ

ಆತ್ಮೀಯರೇ,

ನಮಸ್ಕಾರಗಳು. ಮಿದುಳನ್ನು ಕುರಿತು ಕನ್ನಡದಲ್ಲಿ ಒಂದು ಪುಸ್ತಕ ಬರೆಯಬೇಕೆಂದು ಸಂಕಲ್ಪಿಸಿ, ಅದರ ಮೊದಲ ಅಧ್ಯಾಯಗಳನ್ನು ನನಗೆ ಕಳುಹಿಸಿಕೊಟ್ಟಿದ್ದೀರಿ. ಅವುಗಳನ್ನು ಸಾವಧಾನವಾಗಿ ಓದಿದೆ. ನಿಮ್ಮ ಗದ್ಯ ತಿಳಿಯಾಗಿದೆ, ಕಠಿಣವಾದ ವಿಷಯವನ್ನು ಓದುಗರ ಹತ್ತಿರಕ್ಕೆ ತರುವ ಶ್ರದ್ಧೆ ಪುಟಪುಟದಲ್ಲಿಯೂ ಕಾಣುತ್ತದೆ. ಆದರೆ ಓದುತ್ತ ಹೋದಂತೆ ಒಂದು ಕೊರತೆ ಎದ್ದು ಕಂಡಿತು. ಮಿದುಳಿನ ಯಾವ ಭಾಗ ಏನು ಮಾಡುತ್ತದೆ ಎಂಬ ಹೇಳಿಕೆಗಳು ನಿಮ್ಮಲ್ಲಿ ಬೇಕಾದಷ್ಟಿವೆ. ಅದು ಹಾಗೆಂದು ಯಾರಿಗೆ, ಯಾವಾಗ, ಯಾವ ರೀತಿಯಿಂದ ಗೊತ್ತಾಯಿತು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಭಯದ ನೆಲೆ ಅಮಿಗ್ಡಲ, ನೆನಪಿನ ನೆಲೆ ಹಿಪೊಕ್ಯಾಂಪಸ್ ಎಂದು ನೀವು ಹೇಳುತ್ತೀರಿ, ಓದುಗರು ನಂಬಬೇಕಾಗುತ್ತದೆ. ನಕ್ಷತ್ರಗಳ ಬಗ್ಗೆ ಹೀಗೆ ಬರೆದರೆ ಆಗುವ ನಷ್ಟ ಸಣ್ಣದು. ಮಿದುಳಿನ ಬಗ್ಗೆ ಓದಿದ್ದನ್ನಾದರೋ ಜನ ಕೂಡಲೇ ತಮ್ಮ ಮೇಲೆ, ತಮ್ಮ ಮಕ್ಕಳ ಮೇಲೆ, ಮರೆವು ಆವರಿಸಿದ ತಮ್ಮ ತಾಯಿಯ ಮೇಲೆ ಅನ್ವಯಿಸಿಕೊಳ್ಳುತ್ತಾರೆ.

ನಿಮ್ಮ ಎರಡನೆಯ ಅಧ್ಯಾಯದಲ್ಲಿ ಬರುವ ಫಿನಿಯಸ್ ಗೇಜ್ ಅವರ ಕಥೆಯನ್ನೇ ತೆಗೆದುಕೊಳ್ಳೋಣ. 1848ರ ಸೆಪ್ಟೆಂಬರ್ 13ರಂದು, ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಎಂಬ ಊರಿನ ಬಳಿ, ರೈಲು ಹಾದಿಗಾಗಿ ಬಂಡೆ ಸಿಡಿಸುವ ಕೆಲಸದ ಮೇಸ್ತ್ರಿಯಾಗಿದ್ದ 25 ವರ್ಷದ ಗೇಜ್ ಕುಳಿಯೊಳಗೆ ಮದ್ದು ಜಡಿಯುತ್ತಿದ್ದಾಗ ಅದು ಹೊತ್ತಿಕೊಂಡಿತು; ಮೂರೂವರೆ ಅಡಿಗಿಂತ ಉದ್ದದ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಎಡಗೆನ್ನೆಯ ಬಳಿ ಹೊಕ್ಕು ನೆತ್ತಿಯಿಂದ ಹೊರಬಿದ್ದಿತು. ಅವರು ಬದುಕಿ ಉಳಿದರು. ಇಲ್ಲಿಯವರೆಗೆ ನಿಮ್ಮ ಬರವಣಿಗೆಯಲ್ಲಿ ದೋಷವಿಲ್ಲ. ಅನಂತರ, ಸಂಭಾವಿತನಾಗಿದ್ದವನು ಕುಡುಕನಾದ, ಸುಳ್ಳುಗಾರನಾದ, ಯಾವ ಕೆಲಸದಲ್ಲಿಯೂ ನಿಲ್ಲಲಾರದೆ ಅಲೆಮಾರಿಯಾಗಿ ಸತ್ತ ಎಂದು ಬರೆದಿದ್ದೀರಿ. ಇದು ನಿಮ್ಮ ಕಲ್ಪನೆಯಲ್ಲವೆಂದು ನನಗೆ ಗೊತ್ತು, ಎಷ್ಟೋ ಜನಪ್ರಿಯ ಪುಸ್ತಕಗಳಲ್ಲಿ ಇದೇ ಇದೆ. ಆದರೆ ಗೇಜ್ ಅವರಿಗೆ ಚಿಕಿತ್ಸೆ ನೀಡಿದ ವೈದ್ಯ ಜಾನ್ ಹಾರ್ಲೋ 1848ರಲ್ಲಿಯೂ 1868ರಲ್ಲಿಯೂ ಬರೆದ ವರದಿಗಳಲ್ಲಿ ಇದು ಇಲ್ಲ. ಚಂಚಲತೆ, ಹಟ, ಒರಟು ಮಾತು, ಯೋಜನೆಗಳನ್ನು ಹೂಡಿ ಅಷ್ಟರಲ್ಲಿಯೇ ಕೈಬಿಡುವ ಸ್ವಭಾವ, ಇವನು ನಮ್ಮ ಹಿಂದಿನ ಗೇಜ್ ಅಲ್ಲವೆಂಬ ಗೆಳೆಯರ ಮಾತು: ಸ್ವಭಾವದ ಬದಲಾವಣೆಯ ಬಗ್ಗೆ ಹಾರ್ಲೋ ಬರೆದ ಕೆಲವೇ ಸಾಲುಗಳ ಸಾರ ಇಷ್ಟು. 1868ರ ವರದಿಯಿಂದಲೇ ತಿಳಿಯುವ ಇನ್ನೊಂದು ಸಂಗತಿಯನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ಗೇಜ್ ಕುದುರೆ ಲಾಯವೊಂದರಲ್ಲಿ ದುಡಿದರು, 1852ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಅಲ್ಲಿ ಹಲವು ವರ್ಷ ಪ್ರಯಾಣಿಕರ ಕುದುರೆ ಗಾಡಿಯ ಸಾರಥಿಯಾಗಿದ್ದರು, ಕೊನೆಗೆ ತಾಯಿಯಿದ್ದ ಕ್ಯಾಲಿಫೋರ್ನಿಯಾಕ್ಕೆ ಬಂದು 1860ರಲ್ಲಿ ಮೂರ್ಛೆಯ ಸರಣಿಗೆ ಸಿಕ್ಕಿ ತೀರಿಕೊಂಡರು.

ಹಲವು ಕುದುರೆಗಳ ಲಗಾಮು ಹಿಡಿದು, ಭಾಷೆ ತಿಳಿಯದ ದೇಶದಲ್ಲಿ, ಪ್ರಯಾಣಿಕರನ್ನೂ ಅವರ ಸಾಮಾನನ್ನೂ ಹೊತ್ತ ಗಾಡಿಯನ್ನು ವೇಳೆಗೆ ಸರಿಯಾಗಿ ನಡೆಸುವುದು ಯೋಜನಾಶಕ್ತಿ ಪೂರ್ತಿ ನಾಶವಾದವರು ಮಾಡಬಹುದಾದ ಕೆಲಸವೇ? ಆಸ್ಟ್ರೇಲಿಯಾದ ಮನೋವಿಜ್ಞಾನಿ ಮಾಲ್ಕಮ್ ಮ್ಯಾಕ್ಮಿಲನ್ ಈ ದಾಖಲೆಗಳನ್ನೆಲ್ಲ ಹೆಕ್ಕಿ 2000ದಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಕುಡುಕ ಅಲೆಮಾರಿಯ ಚಿತ್ರ ದಶಕಗಳ ಪುನರಾವರ್ತನೆಯಲ್ಲಿ ಹೇಗೆ ಬೆಳೆಯಿತೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಗೇಜ್ ಸತ್ತಾಗ ಅವರ ಮಿದುಳನ್ನು ಯಾರೂ ಪರೀಕ್ಷಿಸಲಿಲ್ಲ. ಹಾರ್ವರ್ಡ್‌ನ ವಾರೆನ್ ಅಂಗರಚನಾ ಸಂಗ್ರಹಾಲಯದಲ್ಲಿರುವುದು ತಲೆಬುರುಡೆ ಮತ್ತು ಸಲಾಕೆ, ಮಿದುಳಲ್ಲ. ಆದ್ದರಿಂದ ಗಾಯ ಎಲ್ಲೆಲ್ಲಿ ತಾಗಿತ್ತೆಂದು ಕಂಪ್ಯೂಟರಿನಲ್ಲಿ ಮೂಡಿಸಿದ ಚಿತ್ರಗಳೆಲ್ಲ ಬುರುಡೆಯ ತೂತುಗಳಿಂದ ಮಾಡಿದ ಅಂದಾಜುಗಳು. ಈ ಅಧ್ಯಾಯವನ್ನು ಮತ್ತೆ ಬರೆಯಿರಿ ಎಂದು ನಾನು ಒತ್ತಾಯಿಸುವುದಕ್ಕೆ ನಿಖರತೆಗಿಂತ ದೊಡ್ಡ ಕಾರಣವೊಂದಿದೆ. ಪಾರ್ಶ್ವವಾಯು ಹೊಡೆದ ತಂದೆಯನ್ನು ನೋಡಿಕೊಳ್ಳುತ್ತಿರುವ ಮಗಳು ನಿಮ್ಮ ಪುಸ್ತಕವನ್ನು ಕೈಗೆತ್ತಿಕೊಂಡಾಗ, ಪೆಟ್ಟು ತಿಂದ ಮಿದುಳು ದಿನದಿನದ ದುಡಿಮೆಯ ಶಿಸ್ತಿನಲ್ಲಿ ಎಷ್ಟರಮಟ್ಟಿಗೆ ಚೇತರಿಸಿಕೊಳ್ಳಬಲ್ಲದು ಎಂಬ ಪ್ರಶ್ನೆ ಆಕೆಗೆ ಜೀವನ್ಮರಣದ ಪ್ರಶ್ನೆ. ಚಿಲಿಯ ಗಾಡಿಯ ಪ್ರಸಂಗವನ್ನು ಕೈಬಿಟ್ಟ ಕಥೆ ಆ ಪ್ರಶ್ನೆಯನ್ನೇ ಆಕೆಯಿಂದ ಕಸಿದುಕೊಳ್ಳುತ್ತದೆ.

ಸಂಖ್ಯೆಗಳ ವಿಷಯವೂ ಹೀಗೆಯೇ. ಮನುಷ್ಯನ ಮಿದುಳಿನಲ್ಲಿ 10,000 ಕೋಟಿ ನರಕೋಶಗಳಿವೆಯೆಂದು ನೀವು ಮೊದಲ ಪುಟದಲ್ಲಿಯೇ ಬರೆದಿದ್ದೀರಿ. ಪಠ್ಯಪುಸ್ತಕಗಳಲ್ಲಿ ಬಹುಕಾಲ ಓಡಾಡಿದ ಈ ಸಂಖ್ಯೆಯ ಮೂಲವನ್ನು ಬ್ರೆಜಿಲ್‌ನ ನರವಿಜ್ಞಾನಿ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಹುಡುಕಹೊರಟಾಗ, ಯಾರೂ ಎಣಿಸಿದ ಆಧಾರ ಸಿಗಲಿಲ್ಲ. ಅವರು ಮತ್ತು ಅವರ ಸಹೋದ್ಯೋಗಿಗಳು ಮಿದುಳಿನ ಅಂಗಾಂಶವನ್ನು ಏಕರೂಪದ ದ್ರವವಾಗಿ ಕದಡಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸುವ ವಿಧಾನವನ್ನು ರೂಪಿಸಿದರು. 2009ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಸರಾಸರಿ ಸಂಖ್ಯೆ ಸುಮಾರು 8,600 ಕೋಟಿ. ಅಷ್ಟರಲ್ಲಿ ಸುಮಾರು 6,900 ಕೋಟಿ ಹಿಂದಲೆಯ ಪುಟ್ಟ ಸೆರೆಬೆಲಂನಲ್ಲಿಯೇ ಇವೆ. ನಾವು ಬುದ್ಧಿಯ ಪೀಠವೆಂದು ಹೊಗಳುವ ಹೊರಪದರವಾದ ಸೆರೆಬ್ರಲ್ ಕಾರ್ಟೆಕ್ಸಿನಲ್ಲಿರುವುದು ಸುಮಾರು 1,600 ಕೋಟಿ. ಪರೀಕ್ಷಿಸಿದ್ದು ನಾಲ್ವರು ಪುರುಷರ ಮಿದುಳುಗಳನ್ನು ಮಾತ್ರ ಎಂಬುದನ್ನೂ ಜೊತೆಗೆ ಹೇಳಿ. ಹಾಗೆ ಹೇಳುವುದರಿಂದ ಸಂಖ್ಯೆಯ ತೂಕ ಕಡಿಮೆಯಾಗುವುದಿಲ್ಲ, ಅದನ್ನು ಎಷ್ಟು ದೂರ ಒಯ್ಯಬಹುದೆಂಬ ಅರಿವು ಓದುಗರಿಗೆ ಸಿಗುತ್ತದೆ.

ಬಣ್ಣದ ಸ್ಕ್ಯಾನ್ ಚಿತ್ರಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ನಿಮಗೆ ಅದರ ತತ್ತ್ವ ಗೊತ್ತಿದೆ. ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರ ಅಳೆಯುವುದು ರಕ್ತದ ಆಮ್ಲಜನಕದಲ್ಲಿ ಆಗುವ ಏರಿಳಿತವನ್ನು. ಅದೂ ಘಟನೆ ನಡೆದ ಕೆಲವು ಸೆಕೆಂಡುಗಳ ಅನಂತರ. ಒಂದು ಬೀದಿಯ ವಿದ್ಯುತ್ ಬಳಕೆ ಹೆಚ್ಚಿತೆಂದು ಮೀಟರು ತೋರಿಸಿದರೆ ಮನೆಗಳೊಳಗೆ ಏನೋ ನಡೆಯುತ್ತಿದೆಯೆಂದು ತಿಳಿಯಬಹುದೇ ಹೊರತು ಅಲ್ಲಿನ ಮಾತುಕತೆ ಏನೆಂದು ತಿಳಿಯಲಾಗದು. ಲೆಕ್ಕಾಚಾರದಲ್ಲಿ ಎಚ್ಚರ ತಪ್ಪಿದರೆ ಇಲ್ಲದ್ದೂ ಕಾಣಿಸುತ್ತದೆ ಎಂಬುದನ್ನು ತೋರಿಸಲು 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, ಅದರ ಮಿದುಳಿನಲ್ಲಿಯೂ ಬಣ್ಣದ ಚುಕ್ಕೆಗಳನ್ನು ಪಡೆದರು. ಅಗತ್ಯವಾದ ಸಂಖ್ಯಾಶಾಸ್ತ್ರೀಯ ತಿದ್ದುಪಡಿಯನ್ನು ಮಾಡಿದ ಕೂಡಲೇ ಚುಕ್ಕೆಗಳು ಇಲ್ಲವಾದವು. ಪ್ರತಿಯೊಂದು ಸ್ಕ್ಯಾನ್ ಫಲಿತಾಂಶದ ಜೊತೆಗೂ ಎಷ್ಟು ಜನರನ್ನು, ಯಾವ ಕೆಲಸ ಮಾಡುವಾಗ, ಯಾವುದರೊಂದಿಗೆ ಹೋಲಿಸಿ ನೋಡಿದರೆಂದು ಒಂದು ವಾಕ್ಯ ಸೇರಿಸಿದರೂ ಸಾಕು. ನಮ್ಮ ಊರುಗಳಲ್ಲಿ ಮಿಡ್‌ಬ್ರೇನ್ ಆ್ಯಕ್ಟಿವೇಶನ್ (ನಡುಮಿದುಳನ್ನು ಚುರುಕುಗೊಳಿಸುವುದು) ಎಂಬ ಹೆಸರಿನಲ್ಲಿ ತರಗತಿ ನಡೆಸಿ, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಓದಿಸಿ ತೋರಿಸಿ, ತಂದೆತಾಯಿಗಳಿಂದ ಸಾವಿರಾರು ರೂಪಾಯಿ ವಸೂಲು ಮಾಡಿದ್ದನ್ನು ನೀವು ಕಂಡಿರಬಹುದು. ಮಕ್ಕಳು ಮೂಗಿನ ಬದಿಯ ಸಂದಿನಿಂದ ಇಣುಕುತ್ತಿದ್ದರೆಂದು ವಿಚಾರವಾದಿಗಳು ಬಯಲಿಗೆಳೆದರು. ಎಡ ಮಿದುಳಿನವರು, ಬಲ ಮಿದುಳಿನವರು ಎಂದು ಮಕ್ಕಳನ್ನು ವಿಂಗಡಿಸುವ ನಿಮ್ಮ ನಾಲ್ಕನೆಯ ಅಧ್ಯಾಯ ಇಂಥ ವ್ಯಾಪಾರಿಗಳ ಕೈಗೆ ಸಿಕ್ಕರೆ ಜಾಹೀರಾತಾಗುತ್ತದೆ. ಈ ವಿಂಗಡಣೆಗೆ ಆಧಾರವೆಂದು ಹೆಸರಿಸುವ ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರಿ ಪರೀಕ್ಷಿಸಿದ್ದು ಮೂರ್ಛೆರೋಗದ ಚಿಕಿತ್ಸೆಗಾಗಿ ಎರಡೂ ಅರೆಗೋಳಗಳ ನಡುವಿನ ಸೇತುವೆಯನ್ನು ಕತ್ತರಿಸಲಾಗಿದ್ದ ಕೆಲವೇ ರೋಗಿಗಳನ್ನು. ಆ ಸೇತುವೆ ನೆಟ್ಟಗಿರುವ ಶಾಲಾಮಕ್ಕಳ ಜಾಣತನಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ದಯವಿಟ್ಟು ಆ ಅಧ್ಯಾಯವನ್ನು ಕೈಬಿಡಿ.

ಹಾಗಾದರೆ ಬರೆಯುವ ಬಗೆ ಹೇಗೆ? ಹೆನ್ರಿ ಮೊಲೈಸನ್ ಅವರ ಪ್ರಕರಣ ನನಗೆ ಇಂದಿಗೂ ಮಾದರಿಯಾಗಿ ತೋರುತ್ತದೆ. ತೀವ್ರವಾದ ಮೂರ್ಛೆರೋಗದಿಂದ ಬಳಲುತ್ತಿದ್ದ ಅವರಿಗೆ 1953ರಲ್ಲಿ, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಮಿದುಳಿನ ಎರಡೂ ಬದಿಗಳಿಂದ ಹಿಪೊಕ್ಯಾಂಪಸ್ಸಿನ ಬಹುಭಾಗವನ್ನೂ ಅದರ ಸುತ್ತಲಿನ ಅಂಗಾಂಶವನ್ನೂ ತೆಗೆದುಹಾಕಿದರು. ಮೂರ್ಛೆ ತಗ್ಗಿತು, ಆದರೆ ಅಂದಿನಿಂದ ಹೊಸದಾಗಿ ನಡೆದ ಯಾವುದೂ ಅವರ ನೆನಪಿನಲ್ಲಿ ನಿಲ್ಲದಾಯಿತು. ಮಾಂಟ್ರಿಯಲ್‌ನಿಂದ ಬಂದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್, ಮೊಲೈಸನ್ ಅವರ ಮುಂದೆ ಒಂದು ನಕ್ಷತ್ರದ ಚಿತ್ರವನ್ನಿಟ್ಟು, ಕನ್ನಡಿಯಲ್ಲಿ ಮಾತ್ರ ನೋಡುತ್ತ ಅದರ ಅಂಚಿನ ಗುಂಟ ಗೆರೆ ಎಳೆಯಲು ಹೇಳಿದರು. ಕನ್ನಡಿಯಲ್ಲಿ ದಿಕ್ಕು ತಿರುವುಮುರುವಾಗುವುದರಿಂದ ಆರಂಭದಲ್ಲಿ ಯಾರ ಕೈಯೂ ತಡವರಿಸುತ್ತದೆ. ಮೂರು ದಿನಗಳ ಅಭ್ಯಾಸದಲ್ಲಿ ಮೊಲೈಸನ್ ಅವರ ಗೆರೆ ನೇರವಾಗುತ್ತ ಬಂದಿತು. ಪ್ರತಿ ಸಲವೂ ಆ ಕೆಲಸ ಅವರಿಗೆ ಹೊಸದೇ, ಹಿಂದೆ ಮಾಡಿದ ನೆನಪೇ ಇಲ್ಲ. ಇದು ಇಷ್ಟು ಸುಲಭವಾದೀತೆಂದು ಎಣಿಸಿರಲಿಲ್ಲವೆಂದು ಅವರೇ ಅಚ್ಚರಿಪಟ್ಟರು. ಇದನ್ನು ನಡೆದ ಕ್ರಮದಲ್ಲಿಯೇ ಬರೆದುನೋಡಿ. ಕೈಗೆ ಇರುವ ಕಲಿಕೆ ಬೇರೆ, ಕಲಿತೆನೆಂಬ ನೆನಪು ಬೇರೆ, ಎರಡರ ನೆಲೆಗಳೂ ಬೇರೆ ಎಂಬ ತೀರ್ಮಾನವನ್ನು ನೀವು ಹೇಳುವ ಮೊದಲೇ ಓದುಗರು ತಲುಪಿರುತ್ತಾರೆ. ವಿಜ್ಞಾನ ಬರವಣಿಗೆಯಲ್ಲಿ ಇದಕ್ಕಿಂತ ಹೆಚ್ಚಿನ ಸಂತೋಷವನ್ನು ನಾನು ಕಂಡಿಲ್ಲ.

ಈ ಪ್ರಕರಣಕ್ಕೆ ಇನ್ನೊಂದು ಮುಖವಿದೆ. 1957ರಲ್ಲಿ ಸ್ಕೋವಿಲ್ ಮತ್ತು ಮಿಲ್ನರ್ ಬರೆದ ಪ್ರಬಂಧದಿಂದ ಹಿಡಿದು 2008ರಲ್ಲಿ ಸಾಯುವವರೆಗೆ ಜಗತ್ತಿಗೆ ಅವರು ಎಚ್. ಎಂ. ಎಂಬ ಎರಡು ಅಕ್ಷರ ಮಾತ್ರ. ಸತ್ತ ಮೇಲೆ ಅವರ ಮಿದುಳನ್ನು 2,401 ತೆಳು ಪದರಗಳಾಗಿ ಕತ್ತರಿಸಿ ಕಾಪಿಡಲಾಯಿತು. ದಶಕಗಳ ಕಾಲ ಅವರನ್ನು ಅಧ್ಯಯನ ಮಾಡಿದ ವಿಜ್ಞಾನಿ ಸುಜಾನ್ ಕಾರ್ಕಿನ್ 2013ರಲ್ಲಿ ಬರೆದ ಪುಸ್ತಕವನ್ನೂ, ಸ್ಕೋವಿಲ್ ಅವರ ಮೊಮ್ಮಗನೇ ಆದ ಪತ್ರಕರ್ತ ಲ್ಯೂಕ್ ಡಿಟ್ರಿಚ್ 2016ರಲ್ಲಿ ಬರೆದ ಪುಸ್ತಕವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ. ಒಪ್ಪಿಗೆ ಕೊಟ್ಟದ್ದನ್ನೇ ನೆನಪಿಟ್ಟುಕೊಳ್ಳಲಾಗದ ವ್ಯಕ್ತಿಯ ಒಪ್ಪಿಗೆಗೆ ಏನು ಬೆಲೆ ಎಂಬ ಪ್ರಶ್ನೆ ಈ ಎರಡರ ನಡುವೆ ಉರಿಯುತ್ತದೆ. ಮಿದುಳಿನ ಬಗ್ಗೆ ಬರೆಯುವವರೆಲ್ಲರೂ ಯಾರದೋ ಸಂಕಟದಿಂದ ದೊರೆತ ತಿಳಿವನ್ನು ಹಂಚುತ್ತಿರುತ್ತಾರೆ, ಆದ್ದರಿಂದ ಆ ಪ್ರಶ್ನೆ ನಿಮ್ಮ ಮೇಜಿನ ಮೇಲೆಯೂ ಇರಬೇಕು.

ನಿಮ್ಮ ಉದಾಹರಣೆಗಳೆಲ್ಲ ಅಮೆರಿಕ, ಯೂರೋಪುಗಳಿಂದಲೇ ಬಂದಿರುವುದು ನನಗೆ ಬೇಸರ ತರಿಸಿತು. ದಕ್ಷಿಣ ಕರ್ನಾಟಕದಲ್ಲಿ, ಅದರಲ್ಲಿಯೂ ಮೈಸೂರು ಸೀಮೆಯಲ್ಲಿ, ಹಂಡೆಯ ಬಿಸಿನೀರನ್ನು ಚೊಂಬಿನಿಂದ ಬಿಟ್ಟೂಬಿಡದೆ ತಲೆಯ ಮೇಲೆ ಸುರಿದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ವೈದ್ಯರು ಬಿಸಿನೀರಿನ ಅಪಸ್ಮಾರವೆಂದು ಕರೆಯುವ ಈ ರೋಗದ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂದರೂ, ಅತಿ ಹೆಚ್ಚು ರೋಗಿಗಳು ಕಂಡುಬಂದದ್ದು ನಮ್ಮಲ್ಲಿ. ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದರು, ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಅವರ ತಂಡ 1988ರಲ್ಲಿ 279 ರೋಗಿಗಳ ಅಧ್ಯಯನ ಪ್ರಕಟಿಸಿತು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ವಿಜ್ಞಾನಿಗಳು ಈ ರೋಗ ಹರಿದುಬಂದಿರುವ ಕುಟುಂಬಗಳ ವಂಶವಾಹಿಗಳನ್ನು ಪರೀಕ್ಷಿಸಿದರು. ಮೈಗೆ ಸುರಿದ ನೀರಿಗಿಂತ ತಲೆಗೆ ಸುರಿದ ನೀರೇ ಏಕೆ ಕೆರಳಿಸುತ್ತದೆ, ಒಂದೇ ಮನೆಯಲ್ಲಿ ಹಲವರಿಗೆ ಏಕೆ ಬರುತ್ತದೆ, ನೀರಿನ ಬಿಸಿ ತಗ್ಗಿಸಿದರೆ ಎಷ್ಟೋ ಜನರಿಗೆ ಏಕೆ ಆರಾಮವಾಗುತ್ತದೆ ಎಂದು ಕೇಳುತ್ತ ಹೋದರೆ, ಸ್ಪರ್ಶ, ಉಷ್ಣತೆ, ಅನುವಂಶೀಯತೆ, ಮಿದುಳಿನ ವಿದ್ಯುತ್ ಚಟುವಟಿಕೆ ಎಲ್ಲವನ್ನೂ ನಮ್ಮ ಬಚ್ಚಲುಮನೆಯಿಂದಲೇ ವಿವರಿಸಬಹುದು. ಇಂಥ ಅಧ್ಯಾಯವನ್ನು ಲಂಡನ್ನಿನವರಾಗಲಿ ಬಾಸ್ಟನ್ನಿನವರಾಗಲಿ ನಿಮ್ಮಷ್ಟು ಬಲ್ಲವರಾಗಿ ಬರೆಯಲಾರರು.

ಅದನ್ನು ಬರೆಯುವಾಗ ಬೇಕಾದ ಎಚ್ಚರವೂ ಇದೆ. ಮೂರ್ಛೆ ಬಂದವರ ಕೈಗೆ ಬೀಗದ ಕೈ ಗೊಂಚಲು ತುರುಕುವ, ಗಾಳಿ ಸೋಕಿತೆಂದು ತಾಯತ ಕಟ್ಟಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವು ಮದುವೆಗೆ ಅಡ್ಡಿಯಾದ ಕಾರಣಗಳ ಸಾಲಿನಲ್ಲಿತ್ತು. ಅದನ್ನು ತೆಗೆದುಹಾಕಿದ್ದು 1999ರ ತಿದ್ದುಪಡಿ. ಕಾನೂನು ತಿದ್ದಿದರೂ ಸಂಬಂಧ ಕುದುರಿಸುವಾಗ ಮನೆಯವರು ರೋಗವನ್ನು ಮುಚ್ಚಿಡುವುದು ತಪ್ಪಿಲ್ಲ. ಆದ್ದರಿಂದ ನೀವು ಮಾತನಾಡಿಸಿದ ರೋಗಿಯ ಹೆಸರು ಬದಲಿಸಿದರೆ ಸಾಲದು. ತಾಲ್ಲೂಕು, ಕಸುಬು, ಜಾತಿ, ಎಷ್ಟು ಜನ ಮಕ್ಕಳು ಎಂಬುದಿಷ್ಟು ಇದ್ದರೆ ನಮ್ಮ ಊರುಗಳಲ್ಲಿ ಯಾರ ಮನೆಯೆಂದು ತಿಳಿಯಲು ಸಂತೆಯ ಒಂದು ದಿನ ಸಾಕು. ರೋಗದ ವಿವರವನ್ನು ಪೂರ್ತಿ ಉಳಿಸಿ, ಮನೆಯ ಗುರುತನ್ನು ಪೂರ್ತಿ ಅಳಿಸಿ, ಬರೆದ ಪುಟಗಳನ್ನು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ಆ ಪುಟಗಳು ಎಷ್ಟೇ ಚೆನ್ನಾಗಿದ್ದರೂ ಹರಿದುಹಾಕಿ.

ಇಂಥ ವಿಷಯಕ್ಕೆ ಕನ್ನಡ ಸಾಲದೆಂಬ ಅಳುಕು ನಿಮ್ಮ ಪತ್ರದಲ್ಲಿ ಇಣುಕಿತ್ತು. ವೈದ್ಯರಾಗಿದ್ದು, 'ಕೊರವಂಜಿ' ಪತ್ರಿಕೆಯನ್ನು ನಡೆಸಿದ ಎಂ. ಶಿವರಾಂ ಅವರ 'ಮನಮಂಥನ' ಎಂಬ ಮನೋವೈದ್ಯಕೀಯ ಕೃತಿಗೆ 1976ರಲ್ಲಿಯೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ದಾರಿ ಆಗಲೇ ಬಿದ್ದಿದೆ.

ಇನ್ನು ಮುಂದಿನ ಕೆಲಸ. ಹಾರ್ಲೋ ವರದಿಯೂ 1957ರ ಪ್ರಬಂಧವೂ ದೊಡ್ಡವಲ್ಲ, ಇಂಗ್ಲಿಷ್ ಬಲ್ಲ ಸಾಮಾನ್ಯ ಓದುಗರಿಗೂ ಅರ್ಥವಾಗುತ್ತವೆ. ಅವುಗಳ ಬಗ್ಗೆ ಬೇರೆಯವರು ಬರೆದದ್ದನ್ನು ಬದಿಗಿಟ್ಟು ಮೊದಲು ಅವನ್ನೇ ಓದಿ. ಬೆಂಗಳೂರಿಗೆ ಬಂದಾಗ ನಿಮ್ಹಾನ್ಸ್‌ನ ಮಿದುಳಿನ ಸಂಗ್ರಹಾಲಯಕ್ಕೆ ಹೋಗಿ, ನೀವು ಬರೆಯುತ್ತಿರುವ ಅಂಗವನ್ನು ಕಣ್ಣಾರೆ ನೋಡಿ. ಬಿಸಿನೀರಿನ ಅಪಸ್ಮಾರದ ಅಧ್ಯಾಯ ಸಿದ್ಧವಾದ ಮೇಲೆ ಒಬ್ಬ ನರರೋಗತಜ್ಞರಿಗೂ, ಆ ರೋಗವಿರುವ ಒಬ್ಬರಿಗೂ ಓದಲು ಕೊಟ್ಟು, ಇಬ್ಬರೂ ಅಂಚಿನಲ್ಲಿ ಮಾಡಿದ ಗುರುತುಗಳೊಂದಿಗೆ ನನಗೆ ಕಳುಹಿಸಿ. ತಜ್ಞರಿಗಿಂತ ರೋಗಿ ಗುರುತು ಮಾಡಿದ ಸಾಲುಗಳನ್ನು ನಾನು ಮೊದಲು ಓದುತ್ತೇನೆ.

ಇಂತಿ,
ನಿಮ್ಮ ಹಿತೈಷಿ