ಅಪ್ಪನ ಪ್ರಶ್ನೆಗೆ ಜಿನೀವಾದಿಂದ ಉತ್ತರ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪ, "ಅರೆ ಸೆಕೆಂಡೂ ಉಳಿಯದ ವಸ್ತುವಿನ ತೂಕ ತಗೊಂಡು ಏನಮ್ಮಾ ಮಾಡ್ತೀಯ?" ಅಂತ ಕೇಳಿದಿರಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಈ ಪತ್ರ.

ನಾನು ಇಲ್ಲಿ ತೂಗುವುದು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಒಡೆದುಹೋಗುವ ಪರಮಾಣುಗಳನ್ನು. ಅವುಗಳ ತೂಕವೆಲ್ಲ ಹೆಚ್ಚುಕಮ್ಮಿ ನಡುವಿನ ತಿರುಳಿನಲ್ಲಿ, ಅಂದರೆ ನ್ಯೂಕ್ಲಿಯಸ್‌ನಲ್ಲಿ ಇರುತ್ತದೆ. ಮೊದಲು ತೂಕ ಯಾಕೆ ಬೇಕು ಅಂತ ಹೇಳುತ್ತೇನೆ. ಹೀಲಿಯಂ ನ್ಯೂಕ್ಲಿಯಸ್‌ನಲ್ಲಿ ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಇವೆ. ನಾಲ್ಕನ್ನೂ ಬಿಡಿಬಿಡಿಯಾಗಿ ತೂಗಿ ಕೂಡಿಸಿದರೆ ಬರುವ ಮೊತ್ತಕ್ಕಿಂತ ಹೀಲಿಯಂ ನ್ಯೂಕ್ಲಿಯಸ್ ಸುಮಾರು ಶೇ 0.75ರಷ್ಟು ಹಗುರ. ಆ ಪಾಲು ಎಲ್ಲಿ ಹೋಯಿತು? ನಾಲ್ಕೂ ಒಂದಾಗುವಾಗ ಶಕ್ತಿಯಾಗಿ ಹೊರಗೆ ಹೋಯಿತು. ಮತ್ತೆ ಬಿಡಿಸಬೇಕಾದರೆ ಅಷ್ಟೇ ಶಕ್ತಿ ವಾಪಸ್ ಕೊಡಬೇಕು. ಒಂದು ನ್ಯೂಕ್ಲಿಯಸ್ ಎಷ್ಟು ಬಿಗಿ, ಒಡೆದರೆ ಎಷ್ಟು ಶಕ್ತಿ ಬಿಡುತ್ತದೆ, ಎಲ್ಲವೂ ತೂಕದಿಂದಲೇ ಗೊತ್ತಾಗುತ್ತದೆ.

ಇಲ್ಲಿ ಸರ್ನ್‌ ಅನ್ನುವ ಯುರೋಪಿನ ಕಣ ಭೌತಶಾಸ್ತ್ರ ಸಂಶೋಧನಾ ಕೇಂದ್ರದಲ್ಲಿ ಐಸೋಲ್ಡೆ ಅನ್ನುವ ಪ್ರಯೋಗಶಾಲೆ 1967ರಿಂದ ನಡೆಯುತ್ತಿದೆ. ವೇಗದ ಪ್ರೋಟಾನ್‌ಗಳನ್ನು ಯುರೇನಿಯಂ ಕಾರ್ಬೈಡ್‌ಗೆ ಹೊಡೆಸುತ್ತಾರೆ. ಅದನ್ನು 2000 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿರುತ್ತಾರೆ, ಒಳಗೆ ಹುಟ್ಟಿದ ಪರಮಾಣುಗಳು ಬೇಗ ಹೊರಗೆ ಬರಲಿ ಅಂತ. ಬಂದವನ್ನು ಅಯಾನು ಮಾಡಿ (ಅಂದರೆ ಎಲೆಕ್ಟ್ರಾನ್ ಕಿತ್ತು ವಿದ್ಯುದಾವೇಶ ಬರಿಸಿ), ಹೀಲಿಯಂ ಅನಿಲದಲ್ಲಿ ತಣಿಸಿ, ಪೆನ್ನಿಂಗ್ ಟ್ರ್ಯಾಪ್ ಅನ್ನುವ ಬೋನಿನಲ್ಲಿ ಹಿಡಿಯುತ್ತೇವೆ. ಹುಟ್ಟಿದ ಜಾಗದಲ್ಲೇ ಅಲ್ಪಾಯುಷಿ ಐಸೋಟೋಪ್‌ಗಳನ್ನು (ಒಂದೇ ಧಾತುವಿನ, ನ್ಯೂಟ್ರಾನ್ ಸಂಖ್ಯೆ ಬೇರೆಯಾದ ರೂಪಗಳನ್ನು) ಹೀಗೆ ಹಿಡಿದು ತೂಗಿದ ಮೊದಲ ಉಪಕರಣ ನಮ್ಮ ಐಸೋಲ್‌ಟ್ರ್ಯಾಪ್.

ಒಳಗೆ ಅಯಸ್ಕಾಂತ ಕ್ಷೇತ್ರ ಅಯಾನನ್ನು ಸುತ್ತಿಸುತ್ತದೆ. ಎರಡೂ ತುದಿಯಲ್ಲಿ ವಿದ್ಯುತ್ ಕ್ಷೇತ್ರ ಅದು ಜಾರಿ ಹೋಗದಂತೆ ತಡೆಯುತ್ತದೆ. ಹಗುರವಾದದ್ದು ಬೇಗ ಸುತ್ತುತ್ತದೆ, ಭಾರವಾದದ್ದು ನಿಧಾನ. ನಮ್ಮ ತಕ್ಕಡಿ ಇಷ್ಟೇ. ಒಂದು ಎಲೆಕ್ಟ್ರಾನ್ ಕಳೆದುಕೊಂಡ, ದ್ರವ್ಯರಾಶಿ 100 ಇರುವ (ಸುಮಾರು ನೂರು ಪ್ರೋಟಾನ್‌ಗಳಷ್ಟು ತೂಗುವ) ಅಯಾನು 6 ಟೆಸ್ಲಾ ಬಲದ ಅಯಸ್ಕಾಂತ ಕ್ಷೇತ್ರದಲ್ಲಿ ಸೆಕೆಂಡಿಗೆ 9 ಲಕ್ಷಕ್ಕೂ ಜಾಸ್ತಿ ಸುತ್ತು ಹಾಕುತ್ತದೆ! ಅದಕ್ಕೆ ರೇಡಿಯೋ ಅಲೆ ಕೊಡುತ್ತೇವೆ. ಅಲೆಯ ಆವರ್ತನ ಸರಿಯಾಗಿ ಹೊಂದಿದರೆ ಅಯಾನು ಶಕ್ತಿ ಹೀರಿಕೊಂಡು, ಹೊರಗೆ ಬಿಟ್ಟಾಗ ಡಿಟೆಕ್ಟರ್‌ಗೆ ಬೇಗ ಬಂದು ಸೇರುತ್ತದೆ. ಆವರ್ತನವನ್ನು ಚೂರು ಚೂರೇ ಬದಲಿಸುತ್ತಾ ಆ ಜಾಗವನ್ನು ಹುಡುಕುತ್ತೇವೆ. ಅಯಸ್ಕಾಂತ ಕ್ಷೇತ್ರ ಮೆಲ್ಲಗೆ ಬದಲಾಗುತ್ತಲೇ ಇರುವುದರಿಂದ, ನಡುನಡುವೆ ತೂಕ ಗೊತ್ತಿರುವ ಸೀಸಿಯಂ ಅಥವಾ ರುಬಿಡಿಯಂ ಅಯಾನನ್ನು ಸುತ್ತಿಸಿ ಹೋಲಿಸುತ್ತೇವೆ. ಹೀಗೆ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನೂ ಹಿಡಿಯಬಹುದು.

ಜಾಸ್ತಿ ಹೊತ್ತು ಸುತ್ತಿಸಿದಷ್ಟೂ ಲೆಕ್ಕ ನಿಖರ. ಆದರೆ ಅಷ್ಟು ಹೊತ್ತು ಅದು ಉಳಿದಿರಬೇಕಲ್ವಾ? 2008ರಲ್ಲಿ ಕೆನಡಾದ ಟ್ರಯಂಫ್ ಪ್ರಯೋಗಶಾಲೆಯಲ್ಲಿ ಲಿಥಿಯಂ-11ರ (ಪ್ರೋಟಾನ್, ನ್ಯೂಟ್ರಾನ್ ಸೇರಿ 11 ಇರುವ ಲಿಥಿಯಂನ) ತೂಕ ತೆಗೆದರು. ಅದರ ಅರ್ಧಾಯು, ಅಂದರೆ ಅರ್ಧದಷ್ಟು ಒಡೆದುಹೋಗಲು ಬೇಕಾದ ಹೊತ್ತು, ಸೆಕೆಂಡಿನ ಸಾವಿರದಲ್ಲಿ 9 ಪಾಲೂ ಇಲ್ಲ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನನಗೆ ತುಂಬಾ ಇಷ್ಟವಾದ ಉತ್ತರ ಸತು-82. ಸ್ಥಿರವಾದ ಸತುವಿನಲ್ಲಿ ಹೆಚ್ಚೆಂದರೆ 40 ನ್ಯೂಟ್ರಾನ್ ಇರುತ್ತವೆ, ಇದರಲ್ಲಿ 52. ನ್ಯೂಟ್ರಾನ್ ನಕ್ಷತ್ರ ಅಂದರೆ ದೊಡ್ಡ ನಕ್ಷತ್ರ ಸತ್ತ ಮೇಲೆ ಕುಸಿದು ಉಳಿಯುವ ತಿರುಳು. ಅದರ ಹೊರಪದರದಲ್ಲಿ ವಸ್ತು ಎಷ್ಟು ಒತ್ತಿಕೊಂಡಿದೆ ಅಂದರೆ, ಇಲ್ಲಿ ಥಟ್ಟನೆ ಒಡೆಯುವ ನ್ಯೂಕ್ಲಿಯಸ್‌ಗಳೂ ಅಲ್ಲಿ ಹಾಗೇ ಉಳಿಯಬಲ್ಲವು. ಯಾವ ಆಳದಲ್ಲಿ ಯಾವುದು ಉಳಿಯುತ್ತದೆ ಅನ್ನುವುದು ಅವುಗಳ ತೂಕದ ಮೇಲೆ ನಿಂತಿದೆ. ಅಲ್ಲಿ ಸತು-82 ಇರಬೇಕು ಅಂತ ಒಂದು ಸಿದ್ಧಾಂತದ ಲೆಕ್ಕ ಹೇಳುತ್ತಿತ್ತು. ಐಸೋಲ್‌ಟ್ರ್ಯಾಪ್ ತಂಡ ನಿಜವಾದ ತೂಕವನ್ನು 2013ರಲ್ಲಿ ಪ್ರಕಟಿಸಿತು. ಅದರ ಕಟ್ಟು ಬೇಕಾದಷ್ಟು ಗಟ್ಟಿ ಇರಲಿಲ್ಲ. ಸತು-82 ಆ ಪಟ್ಟಿಯಿಂದ ಹೊರಬಿತ್ತು. ಯಾರೂ ಹೋಗಲಾರದ ನಕ್ಷತ್ರದೊಳಗೆ ಏನಿದೆ, ಏನಿಲ್ಲ ಅಂತ ಇಲ್ಲಿ ಕೂತು ಹೇಳಬಹುದು ಅಪ್ಪ!

ಅಮ್ಮ, ಚಿನ್ನ ಹುಟ್ಟುವ ಕಥೆಗೂ ಇದು ಬೇಕು. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳ ಡಿಕ್ಕಿ ಕಂಡಾಗ, ಭಾರದ ಧಾತುಗಳು ಅಲ್ಲಿ ಹುಟ್ಟುವುದಕ್ಕೆ ಗುರುತು ಸಿಕ್ಕಿತು. ನ್ಯೂಕ್ಲಿಯಸ್‌ಗಳು ಸರಸರನೆ ನ್ಯೂಟ್ರಾನ್ ನುಂಗುತ್ತಾ ಯಾವ ದಾರಿಯಲ್ಲಿ ಬೆಳೆಯುತ್ತವೆ ಅನ್ನುವುದಕ್ಕೂ ತೂಕವೇ ಆಧಾರ. ಆ ದಾರಿಯ ಎಷ್ಟೋ ಐಸೋಟೋಪ್‌ಗಳನ್ನು ಇನ್ನೂ ಯಾರೂ ತೂಗಿಲ್ಲ. ಅವುಗಳಲ್ಲಿ ಒಂದನ್ನಾದರೂ ತೂಗಬೇಕು ಅನ್ನುವುದು ನನ್ನ ಆಸೆ.

ಇವತ್ತು ನನಗೆ ರಾತ್ರಿ ಪಾಳಿ. ಬೇಕಾದ ಅಯಾನಿನ ಜೊತೆ ಹೆಚ್ಚುಕಮ್ಮಿ ಅದೇ ತೂಕದ ಬೇಡದವೂ ರಾಶಿ ರಾಶಿ ಬರುತ್ತವೆ. ಅವನ್ನು ಬೇರೆ ಮಾಡುವುದೇ ಒಂದು ದೊಡ್ಡ ಕೆಲಸ. ಅದನ್ನು ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ನೀವೂ ಬರೆಯಿರಿ.

ನಿಮ್ಮ ಪ್ರೀತಿಯ ಮಗಳು