ಸಂದರ್ಶನಕ್ಕೆ ಹೊರಡುವ ಮುನ್ನ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ಸಂದರ್ಶನಕ್ಕೆ ಕರೆ ಬಂದಿರುವ ವಿಷಯ ನಿನ್ನ ಅಪ್ಪನಿಂದ ತಿಳಿದು ತುಂಬ ಸಂತೋಷವಾಯಿತು. ಇನ್ನೂ ಎರಡು ವಾರವಿದೆಯಲ್ಲ ಎಂದು ನೀನು ನಿರಾಳವಾಗಿರುವುದೂ ತಿಳಿಯಿತು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಆಗಬಾರದೆಂದೇ ಇದನ್ನು ಬರೆಯುತ್ತಿದ್ದೇನೆ. ಹಲವು ವರ್ಷ ಪ್ರಶ್ನೆ ಕೇಳುವವರ ಸಾಲಿನಲ್ಲಿ ಕುಳಿತವನಾದ್ದರಿಂದ ಮೇಜಿನ ಆ ಬದಿಯಲ್ಲಿ ನಡೆಯುವುದೇನೆಂದು ಮೊದಲು ಹೇಳುತ್ತೇನೆ.

ಸಂದರ್ಶಕರ ಮುಂದೆ ಸಾಮಾನ್ಯವಾಗಿ ಎರಡು ಕಾಗದಗಳಿರುತ್ತವೆ: ಒಂದು ನಿನ್ನ ರೆಸ್ಯೂಮೆ, ಇನ್ನೊಂದು ಅಂಕ ತುಂಬುವ ಹಾಳೆ. ಆ ಹಾಳೆಯಲ್ಲಿ ವಿಷಯಜ್ಞಾನ, ಸಮಸ್ಯೆ ಬಿಡಿಸುವ ರೀತಿ, ಇತರರೊಡನೆ ಹೊಂದಿಕೊಂಡು ಕೆಲಸ ಮಾಡುವ ಗುಣ ಎಂಬಂಥ ಅಂಶಗಳೂ, ಪ್ರತಿಯೊಂದರ ಎದುರು ಟಿಪ್ಪಣಿಗೆ ಒಂದಿಷ್ಟು ಜಾಗವೂ ಇರುತ್ತವೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನೋವಿಜ್ಞಾನಿಗಳು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಮನಸ್ಸಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನವೇ ಅಭ್ಯರ್ಥಿಯ ಮುಂದಿನ ಕೆಲಸವನ್ನು ಹೆಚ್ಚು ಸರಿಯಾಗಿ ಅಂದಾಜು ಮಾಡುತ್ತದೆಂದು ಕಂಡುಬಂದಿತು. ಹಲವು ಸಂಸ್ಥೆಗಳು ಇಂದು ಈ ಕ್ರಮವನ್ನೇ ಅನುಸರಿಸುತ್ತವೆ. ಹೀಗಿರುವಾಗ, "ನಾನು ಶ್ರಮಜೀವಿ, ಏನನ್ನಾದರೂ ಬೇಗ ಕಲಿಯುತ್ತೇನೆ" ಎಂದು ನೀನು ಹೇಳಿದರೆ ಎದುರಿಗಿರುವವರು ಸೌಜನ್ಯಕ್ಕೆ ತಲೆಯಾಡಿಸುತ್ತಾರೆ, ಆದರೆ ಅವರ ಪೆನ್ನು ಓಡುವುದಿಲ್ಲ. ಬರೆದುಕೊಳ್ಳಲು ಅದರಲ್ಲಿ ಏನೂ ಇಲ್ಲ. ಅವರು ಬರೆದುಕೊಳ್ಳಬಹುದಾದ ಸಂಗತಿಗಳನ್ನು ಒದಗಿಸುವುದೇ ನಿನ್ನ ತಯಾರಿಯ ಗುರಿಯಾಗಲಿ.

ಆದ್ದರಿಂದ ಹುದ್ದೆಯ ಜಾಹೀರಾತಿನಿಂದಲೇ ಆರಂಭಿಸು. ಅವರು ಕೇಳಿರುವ ಒಂದೊಂದು ಅರ್ಹತೆಯನ್ನೂ ಹಾಳೆಯ ಎಡಕ್ಕೆ ಬರೆದು, ಅದನ್ನು ತೋರಿಸಿಕೊಡುವ ನಿನ್ನದೇ ಅನುಭವದ ಒಂದು ಘಟನೆಯನ್ನು ಬಲಕ್ಕೆ ಬರೆ. ಬಲಬದಿ ಖಾಲಿ ಉಳಿದಲ್ಲಿ ಗಾಬರಿಯಾಗಬೇಡ, ಈ ಎರಡು ವಾರ ಓದಬೇಕಾದದ್ದು ಯಾವುದೆಂಬುದು ಅಲ್ಲಿಯೇ ತಿಳಿಯುತ್ತದೆ.

ಅನಂತರ ನಿನ್ನ ರೆಸ್ಯೂಮೆಯನ್ನು ಅಪರಿಚಿತರ ಕಣ್ಣಿನಿಂದ ಓದು. ನೀನು ಬರೆದಿರುವ ಪ್ರತಿಯೊಂದು ಸಾಲೂ ಪ್ರಶ್ನೆಗೆ ನೀನೇ ಕೊಟ್ಟ ಆಹ್ವಾನ. "ದಾಸ್ತಾನಿನ ಲೆಕ್ಕದ ವ್ಯವಸ್ಥೆಯನ್ನು ಸುಧಾರಿಸಿದೆವು" ಎಂಬ ಸಾಲಿದೆ ಎಂದಿಟ್ಟುಕೊ. ಮೊದಲು ಹೇಗಿತ್ತು, ತಪ್ಪು ಎಲ್ಲಿ ಆಗುತ್ತಿತ್ತು, ಅದನ್ನು ಗುರುತಿಸಿದವರು ಯಾರು, ತಂಡದಲ್ಲಿ ನಿನ್ನ ಪಾಲಿಗೆ ಬಂದ ಕೆಲಸವೇನು, ಬೇರೆ ದಾರಿಗಳಿದ್ದರೂ ಇದನ್ನೇ ಏಕೆ ಆರಿಸಿದಿರಿ, ಸುಧಾರಿಸಿತೆಂದು ಯಾವ ಅಂಕಿಯಿಂದ ಹೇಳುತ್ತೀಯೆ ಎಂದು ನಾನಾಗಿದ್ದರೆ ಕೇಳುತ್ತಿದ್ದೆ. ನಿಜವಾಗಿ ಕೆಲಸ ಮಾಡಿದವರು ಎರಡನೆಯ, ಮೂರನೆಯ ಪ್ರಶ್ನೆಗೆ ಬಂದಾಗ ಹುರುಪುಗೊಳ್ಳುತ್ತಾರೆ. ಪಕ್ಕದಲ್ಲಿ ನಿಂತು ನೋಡಿದವರು ಅಲ್ಲಿಯೇ ತಡವರಿಸುತ್ತಾರೆ. ವಿನಯದಿಂದ ಎಲ್ಲವನ್ನೂ ತಂಡದ ಹೆಸರಿನಲ್ಲಿ ಹೇಳುವುದು ನಮ್ಮ ಮನೆಯವರ ಅಭ್ಯಾಸ, ಆದರೆ ಸಮಿತಿಯವರು ಅಂಕ ಕೊಡಬೇಕಾಗಿರುವುದು ನಿನಗೆ, ತಂಡಕ್ಕಲ್ಲ. ಮೂರು ಪ್ರಶ್ನೆಗಳ ಆಳಕ್ಕೆ ಇಳಿದಾಗ ನಿಲ್ಲದ ಸಾಲನ್ನು ಮುಲಾಜಿಲ್ಲದೆ ತೆಗೆದುಹಾಕು. ಈಗಾಗಲೇ ಕಳುಹಿಸಿದ್ದರೆ, ಅದರಲ್ಲಿ ನಿನ್ನ ಪಾಲು ಚಿಕ್ಕದೆಂದು ನೀನೇ ಹೇಳಲು ಸಿದ್ಧಳಾಗಿರು.

ಉತ್ತರಗಳನ್ನು ಉರುಹೊಡೆಯಬೇಡ. ಸಂದರ್ಭ, ನಿನ್ನ ಹೊಣೆ, ನೀನು ಮಾಡಿದ್ದು, ಅದರ ಫಲ ಎಂಬ ಕ್ರಮ ಮನಸ್ಸಿನಲ್ಲಿದ್ದರೆ ಮಾತು ಪ್ರತಿಸಲ ಬೇರೆಯಾದರೂ ದಾರಿ ತಪ್ಪುವುದಿಲ್ಲ. ಆದರೆ ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡು, ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳು. ಮನಸ್ಸಿನಲ್ಲಿ ಸರಾಗವಾಗಿದ್ದ ಉತ್ತರ ಬಾಯಿಗೆ ಬಂದಾಗ ಎಷ್ಟು ಉದ್ದವಾಗುತ್ತದೆಂದು ಕೇಳಿಯೇ ತಿಳಿಯಬೇಕು. ಎರಡು ನಿಮಿಷ ದಾಟಿದರೆ ಪೀಠಿಕೆಯನ್ನು ಕತ್ತರಿಸು.

ತಿಳಿಯದ ಪ್ರಶ್ನೆ ಬಂದಾಗ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಬೇಡ. ತಿಳಿದಿಲ್ಲವೆಂದು ನೇರವಾಗಿ ಹೇಳಿ, ತಿಳಿದಿರುವ ಯಾವುದರಿಂದ ಆರಂಭಿಸಿ ಉತ್ತರ ಹುಡುಕುವೆ ಎಂಬುದನ್ನು ವಿವರಿಸಿದರೆ, ಅನೇಕ ಸಲ ಅವರಿಗೆ ಬೇಕಾಗಿರುವುದೂ ಅಷ್ಟೇ.

ಉಡುಪು, ಪ್ರಮಾಣಪತ್ರಗಳ ಕಡತ, ಹೋಗುವ ದಾರಿ ಇವೆಲ್ಲ ಹಿಂದಿನ ದಿನವೇ ಸಿದ್ಧವಿರಲಿ. ವಿಡಿಯೊ ಸಂದರ್ಶನವಾದರೆ ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತುಕೊ. ಸಂಬಳದ ಮಾತು ಬಂದರೆ ಆ ಹುದ್ದೆಗೆ ಹೊರಗೆ ಎಷ್ಟು ಕೊಡುತ್ತಾರೆಂದು ವಿಚಾರಿಸಿಕೊಂಡಿರು, ಇದಕ್ಕಿಂತ ಕಡಿಮೆಗೆ ಒಪ್ಪಲಾರೆ ಎಂಬ ಮೊತ್ತವನ್ನು ಮನೆಯಲ್ಲಿಯೇ ತೀರ್ಮಾನಿಸಿರು. ಕೊನೆಗೆ "ನೀವೇನಾದರೂ ಕೇಳಬೇಕೇ?" ಎಂದಾಗ ಇಲ್ಲವೆನ್ನದೆ, ಮೊದಲ ಆರು ತಿಂಗಳಲ್ಲಿ ಈ ಹುದ್ದೆಯವರಿಂದ ಏನನ್ನು ನಿರೀಕ್ಷಿಸುತ್ತೀರಿ ಎಂದು ಕೇಳು. ಆ ಕೆಲಸ ನಿನಗೆ ಬೇಕೋ ಬೇಡವೋ ಎಂಬುದೂ ಆ ಉತ್ತರದಿಂದ ತಿಳಿಯುತ್ತದೆ.

ಜಾಹೀರಾತು ಮತ್ತು ರೆಸ್ಯೂಮೆಯ ಪ್ರತಿಗಳನ್ನು ಈ ಭಾನುವಾರದೊಳಗೆ ನನಗೆ ಕಳುಹಿಸು. ಪ್ರಶ್ನೆಗಳನ್ನು ಗುರುತು ಹಾಕಿಟ್ಟುಕೊಂಡು ಫೋನಿನಲ್ಲಿ ಕೇಳುತ್ತೇನೆ; ದೊಡ್ಡಪ್ಪನೆಂಬ ರಿಯಾಯಿತಿ ಆಗ ಸಿಗುವುದಿಲ್ಲ.

ಇತಿ,
ನಿನ್ನ ದೊಡ್ಡಪ್ಪ