ಒಂದೇ ಭಾಗಸಂಖ್ಯೆಯ ಪೊಟ್ಟಣದಲ್ಲಿ ಎರಡು ಬಗೆಯ ಬ್ರೇಕ್ ಪ್ಯಾಡ್: ತಯಾರಕರಿಗೆ ಬರೆದ ದೂರು ಪತ್ರ

ಬಳ್ಳಾರಿ
ದಿನಾಂಕ: 18-07-2025

ಇಂದ,
ನಿಮ್ಮ ಗ್ರಾಹಕ,
ಬಳ್ಳಾರಿ ನಗರ

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ಬ್ರೇಕ್ ಪ್ಯಾಡ್ ತಯಾರಿಕಾ ಕಂಪನಿ

ಮಾನ್ಯರೇ,

ವಿಷಯ: ಒಂದೇ ಭಾಗಸಂಖ್ಯೆಯಡಿ ಬೇರೆ ಬೇರೆ ವಸ್ತುವಿನ ಬ್ರೇಕ್ ಪ್ಯಾಡ್‌ಗಳನ್ನು ಮಾರಿರುವುದು, ಪೊಟ್ಟಣದ ಮೇಲೆ ಅಗತ್ಯ ಮಾಹಿತಿ ಇಲ್ಲದಿರುವುದು ಹಾಗೂ ಅದರಿಂದ ನನ್ನ ವಾಹನಕ್ಕೆ ಆಗಿರುವ ನಷ್ಟದ ಬಗ್ಗೆ.

ನಾನು ಬಳ್ಳಾರಿಯ ನಿವಾಸಿ. ತೋರಣಗಲ್ಲಿನ ಹತ್ತಿರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆಯ ದಿನಗಳಲ್ಲಿ ಹೋಗಿ ಬರುವುದಕ್ಕೆ ಸುಮಾರು 70 ಕಿ.ಮೀ. ಮೋಟಾರ್‌ಸೈಕಲ್ ಓಡಿಸುತ್ತೇನೆ. 2021ರಲ್ಲಿ ಕೊಂಡ 160 ಸಿಸಿ ವರ್ಗದ ಈ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್ ಇದೆ. ಕಳೆದ ಜನವರಿಯವರೆಗೆ ಓಡಿದ 34,000 ಕಿ.ಮೀ.ಗಳಲ್ಲಿ ಗಾಡಿಯ ಕಂಪನಿಯದೇ ಪ್ಯಾಡ್ ಬಳಸಿದ್ದೆ. ಆಗ ಆ ಪ್ಯಾಡ್ ಅಂಗಡಿಯಲ್ಲಿ ಸಿಗದ ಕಾರಣ, ನನ್ನ ಗಾಡಿಯ ಮಾದರಿಯ ಹೆಸರನ್ನು ಪೊಟ್ಟಣದ ಮೇಲೆಯೇ ಮುದ್ರಿಸಿದ್ದ ನಿಮ್ಮ ಪ್ಯಾಡ್‌ಗಳನ್ನು ನಂಬಿ ಕೊಂಡೆ.

ಬಳ್ಳಾರಿಯ ಬಿಡಿಭಾಗಗಳ ಅಂಗಡಿಯಲ್ಲಿ ಜನವರಿ 12ರಂದು ಮೊದಲ ಜೊತೆಯನ್ನು ₹460ಕ್ಕೆ ತೆಗೆದುಕೊಂಡೆ. ಕೊಳ್ಳುವ ಮೊದಲು ಇದು ರಾಳದಿಂದ ಬೆಸೆದ ಆರ್ಗ್ಯಾನಿಕ್ ಪ್ಯಾಡೋ, ರಾಳದ ಜೊತೆ ಲೋಹವನ್ನೂ ಬೆರೆಸಿದ ಸೆಮಿ ಮೆಟಾಲಿಕ್ಕೋ, ಲೋಹದ ಪುಡಿಯನ್ನೇ ಬೆಸೆದ ಸಿಂಟರ್ಡ್ಡೋ ಎಂದು ಅಂಗಡಿಯವರನ್ನು ಕೇಳಿದೆ. ಅವರು ಪೊಟ್ಟಣವನ್ನು ಎರಡು ಮೂರು ಸಲ ತಿರುಗಿಸಿ ನೋಡಿ, "ಅದೇನೂ ಬರೆದಿಲ್ರಿ ಸರ, ನಿಮ್ಮ ಗಾಡಿ ಹೆಸರಂತೂ ಐತಿ" ಎಂದರು. ಅವರ ಮೇಲೆ ನನ್ನ ಆಕ್ಷೇಪಣೆ ಇಲ್ಲ. ಬರೆಯದೇ ಇದ್ದುದನ್ನು ಅವರಾದರೂ ಹೇಗೆ ಓದಬೇಕು? ಪೊಟ್ಟಣದ ಮೇಲೆ ಇದ್ದದ್ದು ಭಾಗಸಂಖ್ಯೆ, ಬೆಲೆ, ತಯಾರಾದ ತಿಂಗಳು, ಹೊಂದುವ ಗಾಡಿಗಳ ಪಟ್ಟಿ ಹಾಗೂ "ಪ್ರೀಮಿಯಂ" ಎಂಬ ಪದ. ಪ್ಯಾಡಿನ ಹಿಂಬದಿಯ ಉಕ್ಕಿನ ತಗಡಿನ ಮೇಲೆ ಘರ್ಷಣೆಯ ಶ್ರೇಣಿಯನ್ನು ಹೇಳುವ ಅಕ್ಷರಗಳೂ ಇರಲಿಲ್ಲ.

ಮೇ 4ರಂದು ನನ್ನ ತಮ್ಮನನ್ನು ಹಿಂದೆ ಕೂರಿಸಿಕೊಂಡು ಸಂಡೂರಿನ ಬೆಟ್ಟದ ಮೇಲಿರುವ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋಗಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಘಟ್ಟ ಇಳಿಯುವಾಗ, ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಮುಂದಿನ ಬ್ರೇಕಿನ ಹಿಡಿತ ಕುಸಿಯತೊಡಗಿತು. ಲಿವರ್ ಕೈಗೆ ಗಟ್ಟಿಯಾಗಿಯೇ ಸಿಗುತ್ತಿತ್ತು, ಆದರೆ ಎಷ್ಟು ಅದುಮಿದರೂ ಗಾಡಿಯ ವೇಗ ಇಳಿಯುತ್ತಿರಲಿಲ್ಲ. ಈ ವ್ಯತ್ಯಾಸವನ್ನು ತಾವು ದಯವಿಟ್ಟು ಗಮನಿಸಬೇಕು. ಬ್ರೇಕ್ ಎಣ್ಣೆ ಕುದಿದು ಅದರಲ್ಲಿ ಆವಿ ತುಂಬಿದ್ದರೆ ಲಿವರ್ ಮೆತ್ತಗಾಗಿ ಹ್ಯಾಂಡಲಿನವರೆಗೆ ಬಂದುಬಿಡುತ್ತದೆ. ಲಿವರ್ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಶಾಖಕ್ಕೆ ಸೋತಿರುವುದು ಪ್ಯಾಡಿನ ಘರ್ಷಣಾ ವಸ್ತು. ಅಲ್ಲದೆ ಪ್ಯಾಡ್ ಹಾಕಿಸಿದ ದಿನವೇ ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆಯನ್ನು ಹೊಸದಾಗಿ ತುಂಬಿಸಿದ್ದೆ. ಹೊಸ ಡಾಟ್ 4 ಎಣ್ಣೆಯ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ಗೇರನ್ನು ಎರಡಕ್ಕೆ, ಅನಂತರ ಒಂದಕ್ಕೆ ಇಳಿಸಿ, ಹಿಂದಿನ ಡ್ರಮ್ ಬ್ರೇಕಿನ ಸಹಾಯದಿಂದ ರಸ್ತೆಯ ಒಳಬದಿಗೆ ಗಾಡಿಯನ್ನು ಹೇಗೋ ನಿಲ್ಲಿಸಿದೆ. ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಎದುರಿನಿಂದ ಯಾವ ವಾಹನವೂ ಬರಲಿಲ್ಲ. ಬಂದಿದ್ದರೆ ಈ ಪತ್ರವನ್ನು ಬರೆಯಲು ನಾನು ಉಳಿಯುತ್ತಿದ್ದೆನೋ ಇಲ್ಲವೋ. ನನ್ನ ತಮ್ಮನಿಗೆ ಇಬ್ಬರು ಚಿಕ್ಕ ಮಕ್ಕಳಿದ್ದಾರೆ.

ಬಳ್ಳಾರಿಗೆ ಮರಳಿದ ಮೇಲೆ ನಮ್ಮ ಮೆಕ್ಯಾನಿಕ್ ಪ್ಯಾಡ್ ಬಿಚ್ಚಿ ಕೈಗಿತ್ತರು. "ಸುಟ್ಟೈತ್ರಿ ಸರ, ಗಾಜು ಸವರಿದಂಗ ಆಗ್ತೈತಿ ನೋಡ್ರಿ" ಎಂದರು. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ರಾಳದಿಂದ ಬೆಸೆದ ಆರ್ಗ್ಯಾನಿಕ್ ಪ್ಯಾಡ್ ತನ್ನ ಮಿತಿ ಮೀರಿ ಕಾದಾಗ ರಾಳ ಮೇಲಕ್ಕೆ ಬಂದು ಹೀಗೆ ಗಾಜುಗಟ್ಟುತ್ತದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರಿನ ಪಿಸ್ಟನ್ ಅಂಟಿಕೊಂಡಿರಲಿಲ್ಲ, ಜಾರುವ ಪಿನ್ನುಗಳು ಸರಾಗವಾಗಿದ್ದವು, ಎರಡೂ ಪ್ಯಾಡುಗಳು ಸಮನಾಗಿ ಸವೆದಿದ್ದವು. ಇವೆಲ್ಲವನ್ನೂ ನನ್ನ ಕಣ್ಣೆದುರಿಗೇ ಪರೀಕ್ಷಿಸಿದ್ದಾರೆ. ಆ ಹೊತ್ತಿಗೆ ಆ ಜೊತೆ ಓಡಿದ್ದು 4,600 ಕಿ.ಮೀ.

ಮೇ 11ರಂದು ಹೊಸಪೇಟೆಗೆ ಹೋಗಿದ್ದಾಗ ಮತ್ತೆ ನಿಮ್ಮದೇ ಪ್ಯಾಡ್ ಕೊಂಡೆ. ಒಂದು ಸಲ ಕೆಟ್ಟದ್ದನ್ನು ಮತ್ತೆ ಏಕೆ ಕೊಂಡಿರಿ ಎಂದು ತಾವು ಕೇಳಬಹುದು. ಗಾಡಿಯ ಕಂಪನಿಯ ಪ್ಯಾಡ್ ಅಲ್ಲಿಯೂ ಇರಲಿಲ್ಲ. ಜೊತೆಗೆ, ಒಂದು ಪೊಟ್ಟಣದಲ್ಲಿ ದೋಷ ನುಸುಳಿರಬಹುದು, ಎಲ್ಲವೂ ಹಾಗಿರಲಾರವು ಎಂದು ನಾನು ನ್ಯಾಯವಾಗಿಯೇ ಯೋಚಿಸಿದೆ. ಭಾಗಸಂಖ್ಯೆ ಅದೇ, ಬೆಲೆ ಅದೇ ₹460, ಪೊಟ್ಟಣದ ಬಣ್ಣವೂ "ಪ್ರೀಮಿಯಂ" ಎಂಬ ಪದವೂ ಅವೇ. ಮನೆಗೆ ತಂದು ಹಳೆಯದರ ಪಕ್ಕದಲ್ಲಿಟ್ಟು ನೋಡಿದಾಗ ಒಳಗಿನ ವಸ್ತು ಮಾತ್ರ ಬೇರೆಯಾಗಿತ್ತು. ಮೊದಲನೆಯದು ಕಪ್ಪು ಬೂದು ಬಣ್ಣದ ಮೃದುವಾದ ಪ್ಯಾಡ್. ಎರಡನೆಯದರಲ್ಲಿ ತಾಮ್ರದ ಬಣ್ಣದ ಲೋಹದ ಕಣಗಳು ಒತ್ತೊತ್ತಾಗಿ ಮಿನುಗುತ್ತಿದ್ದವು, ಕೈಯಲ್ಲಿ ಹಿಡಿದರೆ ತೂಕವೂ ಹೆಚ್ಚೆನಿಸುತ್ತಿತ್ತು. ಬದಲಾವಣೆ ಒಳ್ಳೆಯದಕ್ಕೇ ಆಗಿರಬೇಕೆಂದು ಭಾವಿಸಿ ಹಾಕಿಸಿದೆ. ಅಲ್ಲಿ ನಿಮ್ಮನ್ನು ವಿಚಾರಿಸದೆ ಮುಂದುವರಿದದ್ದು ನನ್ನ ತಪ್ಪೆಂದು ತಾವು ಹೇಳುವುದಾದರೆ, ಮೇ 13ರಂದೇ ದೂರವಾಣಿಯಲ್ಲಿ ನಿಮ್ಮ ಪ್ರತಿನಿಧಿಗೆ ಎರಡೂ ಪೊಟ್ಟಣಗಳ ವಿಚಾರ ತಿಳಿಸಿದ್ದೇನೆ ಎಂಬುದನ್ನು ನೆನಪಿಸುತ್ತೇನೆ. ಅವರು "ಒಂದೇ ನಂಬರ್ ಇದ್ದರೆ ಒಂದೇ ಪ್ಯಾಡ್, ಧೈರ್ಯವಾಗಿ ಓಡಿಸಿ" ಎಂದರು.

ಹೊಸ ಪ್ಯಾಡ್ ಡಿಸ್ಕಿನೊಂದಿಗೆ ಸರಿಯಾಗಿ ಕೂಡಿಕೊಳ್ಳುವವರೆಗೆ ಜೋರಾಗಿ ಬ್ರೇಕ್ ಹಾಕಬಾರದೆಂಬ ಸೂಚನೆ ಎರಡೂ ಪೊಟ್ಟಣಗಳಲ್ಲಿ ಇರಲಿಲ್ಲ. ಗಾಡಿಯ ಕೈಪಿಡಿಯಲ್ಲಿ ಓದಿಕೊಂಡಿದ್ದರಿಂದ ಎರಡು ಸಲವೂ ಮೊದಲ 300 ಕಿ.ಮೀ. ನಾನು ಹಾಗೆಯೇ ಮೆಲ್ಲಗೆ ಓಡಿಸಿದ್ದೇನೆ.

ಜೂನ್ ಕೊನೆಯ ವಾರದಿಂದ ಬ್ರೇಕ್ ಹಿಡಿದಾಗಲೆಲ್ಲ ಉಕ್ಕನ್ನು ಉಕ್ಕಿಗೆ ಉಜ್ಜಿದಂಥ ಸದ್ದು ಬರತೊಡಗಿತು. ಜುಲೈ 12ರಂದು ಚಕ್ರ ಬಿಚ್ಚಿಸಿದಾಗ ಡಿಸ್ಕಿನ ಎರಡೂ ಮುಖಗಳ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಡಿಸ್ಕಿನ ದಪ್ಪವನ್ನು ಮೂರು ಕಡೆ ಅಳೆದೆ. ಆ ಉಪಕರಣ ಅಳೆಯಬಲ್ಲ ಅತಿ ಚಿಕ್ಕ ಅಳತೆ 0.1 ಮಿ.ಮೀ. ಹೊಸದರಲ್ಲಿ 4 ಮಿ.ಮೀ. ಇದ್ದ ಡಿಸ್ಕು ಜನವರಿಯಲ್ಲಿ 3.8 ಇತ್ತು, ಮೇ ತಿಂಗಳಲ್ಲಿಯೂ 3.8 ಇತ್ತು, ಈಗ 3.4ಕ್ಕೆ ಬಂದಿದೆ. ಕನಿಷ್ಠ ದಪ್ಪ 3.5 ಮಿ.ಮೀ. ಎಂದು ಡಿಸ್ಕಿನ ಮೇಲೆಯೇ ಕೊರೆದಿದ್ದಾರೆ. ಎಂದರೆ, 34,000 ಕಿ.ಮೀ.ಗಳಲ್ಲಿ 0.2 ಮಿ.ಮೀ. ಸವೆದಿದ್ದ ಡಿಸ್ಕು ನಿಮ್ಮ ಎರಡನೆಯ ಜೊತೆಯ 2,800 ಕಿ.ಮೀ.ಗಳಲ್ಲಿ 0.4 ಮಿ.ಮೀ. ಸವೆದು, ಬಳಕೆಗೆ ಯೋಗ್ಯವಲ್ಲದ ಸ್ಥಿತಿಗೆ ಇಳಿದಿದೆ.

ಡಿಸ್ಕಿನ ಸವೆತದ ಬಗ್ಗೆ ಈ ಸಲ ನಾನು ಕೊಟ್ಟ ದೂರಿಗೆ ನಿಮ್ಮ ವಿಭಾಗದಿಂದ ಬಂದ ಮಿಂಚಂಚೆಯಲ್ಲಿ ಎರಡು ಮಾತುಗಳಿವೆ. ಸವೆತಕ್ಕೆ ಗಾಡಿ ಓಡಿಸುವ ಅಭ್ಯಾಸ ಮತ್ತು ರಸ್ತೆಯ ಧೂಳು ಕಾರಣ ಎಂಬುದು ಒಂದು. ಧೂಳಿನ ವಿಷಯವನ್ನು ನಾನು ಅಲ್ಲಗಳೆಯುವುದಿಲ್ಲ. ಶಾಲೆಯ ದಾರಿಯಲ್ಲಿ ಕುಡಿತಿನಿ ದಾಟಿದ ಮೇಲೆ ಅದಿರಿನ ಲಾರಿಗಳ ಹಿಂದೆ ಹೋಗುವ ಯಾರ ಅಂಗಿಯೂ ಸಂಜೆಗೆ ತನ್ನ ಬಣ್ಣದಲ್ಲಿ ಉಳಿಯುವುದಿಲ್ಲ. ಕಬ್ಬಿಣದ ಅದಿರಿನ ಪುಡಿ ಗಟ್ಟಿಯಾದದ್ದು. ಅದು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿದರೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ, ಮಳೆಗಾಲದಲ್ಲಿ ಕೆಂಪು ರಾಡಿಯಾಗಿ ಕ್ಯಾಲಿಪರಿಗೆ ಮೆತ್ತಿಕೊಳ್ಳುತ್ತದೆ. ಹಾಗೆಂದೇ ನಾನು ವಾರಕ್ಕೊಮ್ಮೆ ಕ್ಯಾಲಿಪರನ್ನು ನೀರಿನಿಂದ ತೊಳೆಯುತ್ತೇನೆ. ಆದರೆ ಅದೇ ರಸ್ತೆಯಲ್ಲಿ, ಅದೇ ಧೂಳಿನಲ್ಲಿ, ಅದೇ ಸವಾರನ ಕೈಯಲ್ಲಿ ನಾಲ್ಕು ವರ್ಷ ಆಗದ ಸವೆತ ಎರಡು ತಿಂಗಳಲ್ಲಿ ಆಗಿದೆ. ಈ ಅವಧಿಯಲ್ಲಿ ಬದಲಾದ ವಸ್ತು ನಿಮ್ಮ ಪ್ಯಾಡ್ ಒಂದೇ.

ಇನ್ನೊಂದು, ನನ್ನ ಗಾಡಿಗೆ ಎಬಿಎಸ್ ಇರುವುದರಿಂದ ಅಪಾಯವಿಲ್ಲ ಎಂಬ ಮಾತು. ಬ್ರೇಕ್ ತಯಾರಿಸುವ ಕಂಪನಿಯಿಂದ ಇಂಥ ಮಾತು ಬಂದದ್ದು ನನಗೆ ನಿಜಕ್ಕೂ ನೋವಾಯಿತು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯವಾಗಿರುವುದು ಚಕ್ರ ಕಚ್ಚಿಕೊಂಡು ಜಾರಬಾರದೆಂದು. ಅದು ಬ್ರೇಕಿನ ಒತ್ತಡವನ್ನು ಸಡಿಲಿಸಬಲ್ಲದೇ ಹೊರತು ಪ್ಯಾಡಿನಲ್ಲಿ ಇಲ್ಲದ ಘರ್ಷಣೆಯನ್ನು ಹುಟ್ಟಿಸಲಾರದು. ಎಂಟನೇ ತರಗತಿಯ ಮಕ್ಕಳಿಗೆ ಘರ್ಷಣೆಯ ಪಾಠ ಮಾಡುವ ನಾನು ಇದನ್ನು ತಮಗೆ ಬರೆಯಬೇಕಾಗಿ ಬಂದಿದೆ.

ನನ್ನ ದೂರಿನ ತಿರುಳು ಒಂದೇ. ಯಾವ ಪ್ಯಾಡ್ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ತಕರಾರು ನನ್ನದಲ್ಲ. ಆರ್ಗ್ಯಾನಿಕ್ ಪ್ಯಾಡ್ ಸದ್ದು ಮಾಡುವುದಿಲ್ಲ, ಡಿಸ್ಕನ್ನು ಉಳಿಸುತ್ತದೆ, ಆದರೆ ಬೇಗ ಸವೆಯುತ್ತದೆ, ದೀರ್ಘ ಇಳಿಜಾರಿನ ಶಾಖಕ್ಕೆ ಸೋಲುತ್ತದೆ. ಲೋಹದ ಪುಡಿಯನ್ನು ಶಾಖ ಮತ್ತು ಒತ್ತಡದಲ್ಲಿ ಬೆಸೆದು ಮಾಡುವ ಸಿಂಟರ್ಡ್ ಪ್ಯಾಡ್ ಮಳೆಯಲ್ಲಿಯೂ ಶಾಖದಲ್ಲಿಯೂ ಹಿಡಿತ ಬಿಡುವುದಿಲ್ಲ, ಹೆಚ್ಚು ಕಾಲ ಬಾಳುತ್ತದೆ. ಆದರೆ ಅದಕ್ಕೆ ತಕ್ಕ ಡಿಸ್ಕ್ ಇಲ್ಲದಿದ್ದರೆ ಡಿಸ್ಕನ್ನೇ ತಿನ್ನುತ್ತದೆ, ಕ್ಯಾಲಿಪರಿಗೂ ಎಣ್ಣೆಗೂ ಹೆಚ್ಚು ಶಾಖವನ್ನು ದಾಟಿಸುತ್ತದೆ. ಘಟ್ಟ ಇಳಿಯುವವನಿಗೆ ಒಂದು ಸರಿ, ಪೇಟೆಯೊಳಗೆ ಹಾಲು ಹಾಕುವವನಿಗೆ ಇನ್ನೊಂದು ಸರಿ. ಆರಿಸಿಕೊಳ್ಳುವವನು ಗ್ರಾಹಕ. ಆದರೆ ಅವನು ಆರಿಸುವುದಕ್ಕೆ ಬೇಕಾದದ್ದನ್ನೇ ಪೊಟ್ಟಣದಲ್ಲಿ ಮುಚ್ಚಿಟ್ಟು, ಒಂದೇ ಸಂಖ್ಯೆಯಡಿ ಇಂದು ಒಂದನ್ನು ನಾಳೆ ಮತ್ತೊಂದನ್ನು ತುಂಬಿದರೆ, ಬಲ್ಲವನೂ ಕುರುಡನಂತೆ ಕೊಳ್ಳಬೇಕಾಗುತ್ತದೆ. ಅನೇಕ ತಯಾರಕರು ಪ್ಯಾಡಿನ ಹಿಂಬದಿಯಲ್ಲಿ ಎರಡು ಅಕ್ಷರಗಳನ್ನು ಒತ್ತುತ್ತಾರೆ. ಮೊದಲನೆಯದು ಸಾಮಾನ್ಯ ಉಷ್ಣತೆಯಲ್ಲಿನ, ಎರಡನೆಯದು ಕಾದಾಗಿನ ಘರ್ಷಣಾ ಗುಣಾಂಕದ ಶ್ರೇಣಿ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಆ ಅಕ್ಷರಗಳು ಪ್ಯಾಡಿನ ಬಾಳಿಕೆಯನ್ನು ಹೇಳುವುದಿಲ್ಲ, ನಿಜ. ಆದರೆ ಕಾದಾಗ ಅದು ಎಷ್ಟು ಹಿಡಿಯುತ್ತದೆ ಎಂಬುದನ್ನಾದರೂ ಹೇಳುತ್ತವೆ, ಮತ್ತು ನನಗೆ ಆ ಘಟ್ಟದಲ್ಲಿ ಬೇಕಾಗಿದ್ದದ್ದು ಅದೇ ಒಂದು ಮಾಹಿತಿ.

2020ರ ಜುಲೈ 20ರಿಂದ ಜಾರಿಗೆ ಬಂದಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ಸರಕಿನ ಗುಣಮಟ್ಟ ಮತ್ತು ದರ್ಜೆಯ ಬಗ್ಗೆ ತಿಳಿಯುವುದನ್ನು ಗ್ರಾಹಕನ ಹಕ್ಕೆಂದು ಹೇಳಿದೆ. ಹಾನಿಯಾಗದಂತೆ ಬಳಸುವುದಕ್ಕೆ ಬೇಕಾದ ಸೂಚನೆ ಇಲ್ಲದ ಉತ್ಪನ್ನಕ್ಕೆ ತಯಾರಕರನ್ನು ಹೊಣೆ ಮಾಡುವ ಅವಕಾಶ ಅದರ 84ನೇ ಕಲಮಿನಲ್ಲಿದೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದಾದ್ದರಿಂದ ನಾನು ಬಳ್ಳಾರಿ ಬಿಟ್ಟು ಎಲ್ಲಿಗೂ ಅಲೆಯಬೇಕಾಗಿಲ್ಲ. ಅಲ್ಲಿಗೆ ಹೋಗುವ ಮೊದಲು ತಮ್ಮಿಂದಲೇ ಪರಿಹಾರ ಸಿಗಲೆಂಬುದು ನನ್ನ ಅಪೇಕ್ಷೆ.

ಎರಡು ಜೊತೆ ಪ್ಯಾಡಿನ ₹920, ಹೊಸ ಡಿಸ್ಕಿಗೆ ತೆತ್ತ ₹2,150, ಬಿಚ್ಚಿ ಹಾಕಿದ ಕೂಲಿ ₹300, ಒಟ್ಟು ₹3,370ನ್ನು ತಾವು ಹಿಂದಿರುಗಿಸಬೇಕು. ಆದರೆ ಹಣಕ್ಕಿಂತ ಹೆಚ್ಚಾಗಿ ನಾನು ಕೇಳುವುದು ಬೇರೆ. ಈ ಎರಡು ಪ್ಯಾಡುಗಳಲ್ಲಿ ನನ್ನ ಗಾಡಿಯ ಡಿಸ್ಕಿಗೆಂದು ರೂಪಿಸಿದ್ದು ಯಾವುದು, ಇನ್ನೊಂದು ಅದೇ ಸಂಖ್ಯೆಯಡಿ ಹೇಗೆ ಬಂತು ಎಂಬುದನ್ನು ಪರೀಕ್ಷಿಸಿ ಲಿಖಿತವಾಗಿ ತಿಳಿಸಬೇಕು. ಬಳ್ಳಾರಿ, ಹೊಸಪೇಟೆಗಳ ಅಂಗಡಿಗಳಲ್ಲಿ ಈ ಸಂಖ್ಯೆಯ ಪೊಟ್ಟಣಗಳು ಇಂದಿಗೂ ತೂಗುತ್ತಿವೆ. ಕುಮಾರಸ್ವಾಮಿ ಬೆಟ್ಟಕ್ಕೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು ಅವನ್ನು ಇಂದೂ ಕೊಳ್ಳುತ್ತಿರಬಹುದು. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಆ ದಾಸ್ತಾನನ್ನು ಹಿಂದಕ್ಕೆ ಪಡೆಯಬೇಕು. ಮುಂದೆ ಬರುವ ಪೊಟ್ಟಣಗಳ ಮೇಲೆ ಪ್ಯಾಡಿನ ಬಗೆ, ಘರ್ಷಣೆಯ ಅಕ್ಷರಗಳು, ತಯಾರಿಕೆಯ ಬ್ಯಾಚ್ ಸಂಖ್ಯೆ ಇರಬೇಕು. ಮೊದಲ ಕೆಲವು ನೂರು ಕಿ.ಮೀ. ಹೇಗೆ ಓಡಿಸಬೇಕೆಂಬ ಸೂಚನೆಯನ್ನು ಕನ್ನಡದಲ್ಲಿಯೂ ಮುದ್ರಿಸಬೇಕು. ನಮ್ಮ ಭಾಗದಲ್ಲಿ ಪ್ಯಾಡ್ ಹಾಕುವ ಹೆಚ್ಚಿನ ಮೆಕ್ಯಾನಿಕ್‌ಗಳು ಓದುವ ಭಾಷೆ ಅದು.

ಎರಡೂ ಪೊಟ್ಟಣಗಳು, ರಸೀದಿಗಳು, ಗೀರು ಬಿದ್ದ ಡಿಸ್ಕು ನನ್ನ ಬಳಿ ಇವೆ. ಅವುಗಳ ಚಿತ್ರಗಳನ್ನು ಈ ಪತ್ರದೊಂದಿಗೆ ಕಳುಹಿಸಿದ್ದೇನೆ. ಒಂದು ಜೊತೆಯಲ್ಲಿ ಎರಡು ಪ್ಯಾಡ್ ಇರುವುದರಿಂದ, ಪ್ರತಿ ಜೊತೆಯಿಂದ ಒಂದನ್ನು ತಮ್ಮ ಪರೀಕ್ಷೆಗೆ ಕೊಡಲು ಸಿದ್ಧನಿದ್ದೇನೆ, ಮತ್ತೊಂದು ನನ್ನ ಬಳಿಯೇ ಇರುತ್ತದೆ. ಈ ಪತ್ರ ತಲುಪಿದ 30 ದಿನಗಳೊಳಗೆ ತಮ್ಮ ಪ್ರತಿನಿಧಿ ಬಳ್ಳಾರಿಗೆ ಬಂದು ಲಿಖಿತ ಸ್ವೀಕೃತಿ ಕೊಟ್ಟು ಅವನ್ನು ಪಡೆಯಬಹುದು. ಶಾಲೆಯ ದಿನಗಳಲ್ಲಿ ಸಂಜೆ ಆರರ ನಂತರ ನಾನು ಮನೆಯಲ್ಲಿರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)